ಹಾಡಿನೊಳಗಿನ ‘ಇ’ ಎಲ್ಲಿ ಹೋಯಿತು?

ಗೆಳೆಯನ ಕಾರಿನಲ್ಲಿ ಕೂತು ಕೇಳಿದಾಗಲೇ ತಪ್ಪು ಗೊತ್ತಾಗಿದ್ದು. ಹಾಡು ಅವನದು, ಮಿಕ್ಸಿಂಗ್, ಅಂದರೆ ದನಿ ವಾದ್ಯಗಳನ್ನೆಲ್ಲ ಹದವಾಗಿ ಬೆರೆಸುವ ಕೆಲಸ, ನನ್ನದು. ಮನೆಯ ಚಿಕ್ಕ ಕೋಣೆಯಲ್ಲಿ ಮೂರು ವಾರ ರಾತ್ರಿ ಹೊತ್ತು ಕೂತು ಮಾಡಿದ್ದೆ. ಹಾಡು ಶುರುವಾಗಿ 10 ಸೆಕೆಂಡ್ ಆಗಿರಬೇಕು, ಕಾರಿನ ಬಾಗಿಲಿನ ಪ್ಲಾಸ್ಟಿಕ್ ಗಡಗಡ ಅಂತು. ಬೇಸ್ ಗಿಟಾರ್ ಇಡೀ ಹಾಡಿನ ಮೇಲೆ ಹತ್ತಿ ಕೂತುಬಿಟ್ಟಿತ್ತು. ಹಾಡುವವಳ ದನಿ ಅದರಡಿ ಎಲ್ಲೋ ಸಿಕ್ಕಿಕೊಂಡಿತ್ತು. ಗೆಳೆಯ ವಾಲ್ಯೂಮ್ ಇಳಿಸಿ, “ಬೇಸ್ ಒಂಚೂರು ಜಾಸ್ತಿ ಆಯ್ತಲ್ವೇನೋ?” ಅಂದ. ನನಗೆ ಬೇಜಾರಾಗಬಾರದು ಅಂತ ‘ಒಂಚೂರು’ ಅಂದಿದ್ದ.

ಮನೆಗೆ ಬಂದು ಅದೇ ಫೈಲನ್ನು ನನ್ನ ಸ್ಪೀಕರುಗಳಲ್ಲಿ ಹಾಕಿದೆ. ಎಲ್ಲ ಸರಿಯಾಗೇ ಇತ್ತು. ಬೇಸ್ ಹದವಾಗಿ ಕೇಳುತ್ತಿತ್ತು, ದನಿ ಮುಂದಿತ್ತು. ಕಾರು ಸುಳ್ಳು ಹೇಳಿತೋ, ಕೋಣೆ ಸುಳ್ಳು ಹೇಳಿತೋ ಅಂತ ಯೋಚಿಸುತ್ತಾ ಹೆಡ್‌ಫೋನ್ ಹಾಕಿಕೊಂಡೆ. ಹೆಡ್‌ಫೋನ್ ಕಾರಿನ ಪರವಾಗಿ ಸಾಕ್ಷಿ ಹೇಳಿತು. ಬೇಸ್ ನಿಜವಾಗಲೂ ಜಾಸ್ತಿ ಇತ್ತು. ಅದರಲ್ಲೂ ‘ಇ’ (ಪಾಶ್ಚಾತ್ಯ ಸಂಗೀತದ E ಸ್ವರ) ಬಂದಾಗ ಎದ್ದು ಕೇಳುತ್ತಿತ್ತು. ಹಾಡು ‘ಇ’ ಶ್ರುತಿಯಲ್ಲೇ ಇದ್ದದ್ದರಿಂದ ಆ ಸ್ವರ ಪದೇಪದೇ ಬರುತ್ತಿತ್ತು.

ಅವತ್ತು ರಾತ್ರಿ ಬೇಸ್ ಗಿಟಾರನ್ನು ಕೈಗೆ ತಗೊಂಡೆ. ಕಂಪ್ಯೂಟರಿಗೆ ನೇರ ಜೋಡಿಸಿ, ಒಂದೇ ಬಲದಲ್ಲಿ ಒಂದೊಂದೇ ಫ್ರೆಟ್ (ಸ್ವರಕ್ಕಾಗಿ ತಂತಿ ಒತ್ತುವ ಮನೆ) ನುಡಿಸಿ ರೆಕಾರ್ಡ್ ಮಾಡಿದೆ. ಹೆಡ್‌ಫೋನಿನಲ್ಲಿ ಎಲ್ಲ ಸ್ವರಗಳೂ ಹೆಚ್ಚುಕಡಿಮೆ ಒಂದೇ ತೂಕದಲ್ಲಿ ಬಂದವು. ಸ್ಪೀಕರಿನಲ್ಲಿ ಹಾಕಿದೆ. ಮೂರನೇ ತಂತಿಯ ಐದನೇ ಫ್ರೆಟ್ ಚೆನ್ನಾಗಿ ಕೇಳಿತು. ಆರನೆಯದು ಸ್ವಲ್ಪ ಕುಗ್ಗಿತು. ಏಳನೆಯದು ‘ಇ’, 82 ಹರ್ಟ್ಜ್, ಅಂದರೆ ಸೆಕೆಂಡಿಗೆ 82 ಕಂಪನ. ಬೆರಳು ತಂತಿಗೆ ತಾಗುವ ಟಕ್ ಸದ್ದು ಕೇಳಿತು, ಅದರ ಹಿಂದೆ ಬರಬೇಕಾದ ಮೈಯೇ ಇಲ್ಲ. ಎಂಟನೆಯದರಲ್ಲಿ ಮತ್ತೆ ಜೀವ ಬಂತು. ಹನ್ನೆರಡನೇ ಫ್ರೆಟ್ಟಿನ ‘ಎ’ ಗುಡುಗಿತು.

ಆ ‘ಇ’ಯನ್ನು ಲೂಪಿನಲ್ಲಿ ಹಾಕಿ, ಪರದೆಯ ಮೇಲೆ ಏನೋ ಓದಲು ಮುಂದಕ್ಕೆ ಬಾಗಿದೆ. ಸ್ವರ ತಟ್ಟನೆ ವಾಪಸ್ ಬಂತು! ಹಿಂದಕ್ಕೆ ಒರಗಿದೆ, ಹೋಯಿತು. ಮುಂದೆ ಬಾಗಿದೆ, ಬಂತು. ಮೈ ಜುಂ ಅಂತು. ಸ್ಪೀಕರ್ ಕೆಟ್ಟಿರಲಿಲ್ಲ, ಕಿವಿಯೂ ಕೆಟ್ಟಿರಲಿಲ್ಲ. ನಾನು ಕೂತ ಜಾಗದಲ್ಲಿ ಮಾತ್ರ ಆ ಸ್ವರ ಇರಲಿಲ್ಲ. ಇಲ್ಲದ್ದನ್ನು ತರಲು ಮೂರು ವಾರ ಬೇಸ್ ಫೇಡರನ್ನು, ಅಂದರೆ ಅದರ ಸದ್ದು ಏರಿಸಿ ಇಳಿಸುವ ಪಟ್ಟಿಯನ್ನು, ಮೇಲಕ್ಕೆ ತಳ್ಳುತ್ತಲೇ ಇದ್ದೆ. ಒಟ್ಟು 4 ಡೆಸಿಬೆಲ್ ಏರಿಸಿದ್ದೆ.

ಮಾರನೆಯ ದಿನ ಅಳತೆ ಟೇಪು ಹಿಡಿದು ಕೋಣೆ ಅಳೆದೆ. ಉದ್ದ 4.2 ಮೀಟರ್, ಅಗಲ 3 ಮೀಟರ್, ಎತ್ತರ 2.8 ಮೀಟರ್. ನನ್ನ ಕಿವಿ ಎದುರಿನ ಗೋಡೆಯಿಂದ 105 ಸೆಂಟಿಮೀಟರ್ ದೂರದಲ್ಲಿತ್ತು. ಅಂದರೆ ಕೋಣೆಯ ಉದ್ದದ ಸರಿಯಾಗಿ ಕಾಲು ಭಾಗ. ಎಲ್ಲ ಉತ್ತರವೂ ಈ ನಾಲ್ಕು ಅಂಕಿಗಳಲ್ಲೇ ಇತ್ತು.

ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಎದುರುಬದುರು ಇರುವ ಎರಡು ಗೋಡೆಗಳ ನಡುವೆ ಅದು ಹೋಗಿ ಬಂದು ಮಾಡುವಾಗ, ಕೆಲವು ಅಲೆಗಳು ಕೋಣೆಯ ಉದ್ದಕ್ಕೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತುಬಿಡುತ್ತವೆ. ಅವು ಮುಂದೆ ಓಡುತ್ತಿರುವಂತೆ ಕಾಣದೆ, ನಿಂತಲ್ಲೇ ಏರಿಳಿಯುತ್ತವೆ. ಸ್ಟ್ಯಾಂಡಿಂಗ್ ವೇವ್ ಅನ್ನುವುದು ಇದಕ್ಕೇ. ಮೊದಲನೆಯದನ್ನು ಕಂಡುಹಿಡಿಯುವುದು ಸುಲಭ. 343ನ್ನು ಉದ್ದದ ಎರಡರಷ್ಟರಿಂದ ಭಾಗಿಸಿ. ನನ್ನ ಕೋಣೆಗೆ 343 ಭಾಗಿಸು 8.4, ಅಂದರೆ 40.8 ಹರ್ಟ್ಜ್. ಅದರ ಎರಡರಷ್ಟು 81.7. ಮೂರರಷ್ಟು 122.5. ನಾಲ್ಕರಷ್ಟು 163.

ಈಗ ಬೇಸ್ ಗಿಟಾರಿನ ಸ್ವರಗಳನ್ನು ಪಕ್ಕದಲ್ಲಿಟ್ಟು ನೋಡಿ. ಕೆಳಗಿನ ‘ಇ’ 41.2, ಅದರ ಮೇಲಿನದು 82.4, ಇನ್ನೂ ಮೇಲಿನದು 164.8. ನನ್ನ ಕೋಣೆಯ ಉದ್ದಕ್ಕೂ ‘ಇ’ ಸ್ವರಕ್ಕೂ ಇಷ್ಟು ಹತ್ತಿರದ ನಂಟು. 4.2 ಮೀಟರಿನ ಬದಲು 3.8 ಇದ್ದಿದ್ದರೆ ಬೇರೆ ಸ್ವರ ಈ ಕಾಟ ಕೊಡುತ್ತಿತ್ತು. ನಿಮ್ಮ ಕೋಣೆಯಲ್ಲೂ ಹೀಗೊಂದು ಸ್ವರ ಇದ್ದೇ ಇರುತ್ತೆ. ಅದು ಯಾವುದು ಅಂತ ಗೊತ್ತಿರುವುದು ಒಳ್ಳೆಯದು.

ಈ ನಿಂತ ಅಲೆಗಳು ಗೋಡೆಯ ಹತ್ತಿರ ಯಾವಾಗಲೂ ಜೋರು. ಮೊದಲನೆಯದು ಕೋಣೆಯ ನಟ್ಟನಡುವೆ ಸತ್ತಿರುತ್ತದೆ. ಎರಡನೆಯದು ನಡುವೆ ಜೋರಾಗಿದ್ದು, ಎರಡೂ ಕಡೆಯ ಕಾಲು ಭಾಗದಲ್ಲಿ ಸಾಯುತ್ತದೆ. ನಾನು ಕೂತಿದ್ದದ್ದು ಅಲ್ಲೇ. ಇನ್ನು 41 ಹರ್ಟ್ಜ್ ನನ್ನ 5 ಇಂಚಿನ ಸ್ಪೀಕರಿನಿಂದ ಹೊರಡುವುದೇ ಕಡಿಮೆ. ತೆರೆದ ನಾಲ್ಕನೇ ತಂತಿ ನುಡಿಸಿದಾಗ ನನಗೆ ‘ಇ’ ಅನ್ನಿಸುತ್ತಿದ್ದದ್ದು ಅದರೊಳಗೆ ಸೇರಿಕೊಂಡಿರುವ 82ರಿಂದ. ಅದೂ ಇಲ್ಲದ ಮೇಲೆ ಉಳಿಯುವುದು ಬೆರಳಿನ ಸದ್ದಷ್ಟೇ, ಅಲ್ವಾ?

ಲೆಕ್ಕ ಗೊತ್ತಾದರೂ ಕಿವಿಯಿಂದ ಕೇಳಬೇಕು ಅನ್ನಿಸಿತು. 82 ಹರ್ಟ್ಜಿನ ಬರೀ ಒಂದು ಟೋನನ್ನು ಸಣ್ಣಗೆ ಹಾಕಿ ಗೋಡೆಯಿಂದ ಗೋಡೆಗೆ ನಡೆದೆ. ಅಕ್ಕನ ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಎಂಟು ವರ್ಷ ಅವಳಿಗೆ. ತಾನೂ ನಡೆಯುತ್ತೇನೆ ಅಂದಳು. ಹಿಂದಿನ ಗೋಡೆಗೆ ಬೆನ್ನು ಒತ್ತಿ ನಿಂತು, ಒಂದೊಂದೇ ಹೆಜ್ಜೆ ಮುಂದಿಟ್ಟಳು. ಮೂರು ನಾಲ್ಕು ಹೆಜ್ಜೆಗೆ ನಿಂತುಬಿಟ್ಟು, “ಮಾಮ, ನಿಲ್ಲಿಸಿಬಿಟ್ಟೆಯಾ?” ಅಂದಳು. ನಾನು ಏನೂ ಮುಟ್ಟಿರಲಿಲ್ಲ. ಅವಳು ತಲೆಯನ್ನು ಹಿಂದೆ ಮುಂದೆ ಆಡಿಸಿದಳು. ಸದ್ದು ಹೋಗುವುದು, ಬರುವುದು. ಆಮೇಲೆ ಇನ್ನೂ ನಡೆದು ಕೋಣೆಯ ನಡುವೆ ಬಂದಾಗ ಎರಡೂ ಕೈ ಕಿವಿಗೆ ಹಿಡಿದಳು. “ಇಲ್ಲಿ ಹೊಟ್ಟೆಗೆಲ್ಲ ಬರುತ್ತೆ!” ಅವಳು ಸದ್ದು ಸತ್ತ ಜಾಗದಲ್ಲಿ ನೆಲಕ್ಕೆ ಟೇಪು ಅಂಟಿಸಿದೆ. ಹಿಂದಿನ ಗೋಡೆಯಿಂದ 108 ಸೆಂಟಿಮೀಟರ್. ಲೆಕ್ಕ ಹೇಳಿದ್ದು 105. ಒಂದು ಮಗುವಿನ ಕಿವಿ ಮತ್ತು ಒಂದು ಭಾಗಾಕಾರ ಇಷ್ಟು ಹತ್ತಿರ ಬಂದದ್ದು ನೋಡಿ ತುಂಬಾ ಖುಷಿಯಾಯಿತು.

ಇದಕ್ಕೂ ಮೊದಲು ನಾನು ಏನೇನು ಮಾಡಿದ್ದೆ ಅಂತ ಹೇಳಿಬಿಡುತ್ತೇನೆ, ಯಾಕಂದರೆ ಹೊಸದಾಗಿ ಶುರು ಮಾಡುವವರು ಸಾಮಾನ್ಯವಾಗಿ ಮಾಡುವುದೂ ಇದನ್ನೇ. ಗೋಡೆ ತುಂಬಾ 5 ಸೆಂಟಿಮೀಟರ್ ದಪ್ಪದ ಫೋಮ್ ಅಂಟಿಸಿದ್ದೆ. 82 ಹರ್ಟ್ಜಿನ ಅಲೆಯ ಉದ್ದ 4 ಮೀಟರಿಗಿಂತ ಜಾಸ್ತಿ. ಅದರ ಮುಂದೆ 5 ಸೆಂಟಿಮೀಟರ್ ಯಾವ ಲೆಕ್ಕ? ಅದು ಮೇಲಿನ ತಾರ ಸದ್ದನ್ನು ಮಾತ್ರ ಕುಡಿದುಬಿಟ್ಟಿತು. ಕೋಣೆ ಮಂಕಾಯಿತು, ಕೆಳಗಿನ ಗದ್ದಲ ಹಾಗೇ ಉಳಿಯಿತು. ‘ಇ’ ಹೋಗಿದ್ದು ಗೊತ್ತಾದ ಮೇಲೆ ಈಕ್ವಲೈಜರಿನಲ್ಲಿ (ಬೇಕಾದ ಹರ್ಟ್ಜಿನ ಸದ್ದನ್ನಷ್ಟೇ ಏರಿಸಿ ಇಳಿಸುವ ಸಾಧನ) 82ರ ಹತ್ತಿರ 9 ಡೆಸಿಬೆಲ್ ಏರಿಸಿಯೂ ನೋಡಿದೆ. ನನ್ನ ಕುರ್ಚಿಯಲ್ಲಿ ಹೆಚ್ಚೇನೂ ಬದಲಾಗಲಿಲ್ಲ. ಬಾಗಿಲ ಹತ್ತಿರ ನಿಂತರೆ ಕಿವಿ ಒತ್ತುವಷ್ಟು ಸದ್ದು. ಯಾಕೆ ಅಂದರೆ, ಸ್ಪೀಕರಿನಿಂದ ಎಷ್ಟು ಜಾಸ್ತಿ ಕಳಿಸಿದರೂ ಗೋಡೆಯಿಂದ ತಿರುಗಿ ಬರುವುದೂ ಅಷ್ಟೇ ಜಾಸ್ತಿಯಾಗಿ ಬಂದು, ಅದೇ ಜಾಗದಲ್ಲಿ ಅದನ್ನು ಹೊಡೆದು ಹಾಕುತ್ತದೆ. ಸದ್ದು ಜೋರಾದ ಉಬ್ಬನ್ನು ಈಕ್ವಲೈಜರಿನಿಂದ ತಗ್ಗಿಸಬಹುದು. ಸದ್ದು ಸತ್ತ ಹಳ್ಳವನ್ನು ತುಂಬಲು ಆಗುವುದಿಲ್ಲ. ಹಳ್ಳದಿಂದ ಎದ್ದು ಬರಬೇಕು, ಅಷ್ಟೇ.

ಹಾಗಾಗಿ ಮೊದಲ ಕೆಲಸ ಕುರ್ಚಿ ಸರಿಸುವುದು. ಒಂದು ಪೈಸೆ ಖರ್ಚಿಲ್ಲ. ಆದರೂ ನಾವು ಇದನ್ನು ಕೊನೆಗೆ ಮಾಡುತ್ತೇವೆ.

ನನ್ನ ಹಳೆಯ ಜೋಡಣೆಯಲ್ಲಿ ಇನ್ನೊಂದು ತೊಂದರೆಯಿತ್ತು. ಮೇಜು ಬಾಗಿಲಿನ ಕಡೆಯ ಗೋಡೆಗೆ ಆನಿಸಿತ್ತು. ಬಾಗಿಲು ಬಲಕ್ಕಿದ್ದದ್ದರಿಂದ ಮೇಜನ್ನು ಎಡಕ್ಕೆ ತಳ್ಳಿದ್ದೆ. ಎಡ ಸ್ಪೀಕರ್ ಮೂಲೆಗೆ ಅಂಟಿಕೊಂಡಿತ್ತು, ಬಲದ್ದರ ಪಕ್ಕ ಒಂದು ಮೀಟರಿಗಿಂತ ಹೆಚ್ಚು ಬಯಲು. ಮೂಲೆಯಲ್ಲಿರುವ ಸ್ಪೀಕರಿಗೆ ಎರಡು ಗೋಡೆಗಳ ಬೆಂಬಲ ಸಿಕ್ಕಿ ಬೇಸ್ ಏರುತ್ತದೆ. ಎಡಕ್ಕೊಂದು ಸದ್ದು, ಬಲಕ್ಕೊಂದು ಸದ್ದು. ಕೋಣೆಯನ್ನೇ ಪೂರಾ ತಿರುಗಿಸಿದೆ. ಈಗ ಕಿಟಕಿಯಿರುವ ಗೋಡೆ ಮುಂದೆ, ಬಾಗಿಲು ಹಿಂದೆ. ಕಿಟಕಿ ಸರಿಯಾಗಿ ನಡುವೆ ಇರುವುದರಿಂದ ಎಡ ಬಲ ಎರಡೂ ಕಡೆ ಒಂದೇ ಥರ. ಅಗಲದಲ್ಲಿ ನಾನು ಕೂರುವುದು ಎರಡೂ ಪಕ್ಕದಿಂದ 150 ಸೆಂಟಿಮೀಟರಿಗೆ. ಅಲ್ಲಿ ಒಂದು ಸೆಂಟಿಮೀಟರ್ ಕೂಡ ರಾಜಿ ಇಲ್ಲ. ಉದ್ದದಲ್ಲಿ ಎಷ್ಟು ಬೇಕಾದರೂ ಹಿಂದೆ ಮುಂದೆ ಹೋಗಿ, ಅಗಲದಲ್ಲಿ ಮಾತ್ರ ನಡುಗೆರೆ ಬಿಡಬೇಡಿ. ಸ್ಪೀಕರುಗಳು ಕೋಣೆಯ ಉದ್ದಕ್ಕೆ ಮುಖ ಮಾಡಿರಲಿ. ಆಗ ಹಿಂದಿನ ಗೋಡೆ ದೂರ ಉಳಿಯುತ್ತದೆ.

ಉದ್ದದಲ್ಲಿ ಎಲ್ಲಿ ಕೂರಬೇಕು ಅನ್ನುವುದಕ್ಕೆ ಒಂದು ಪ್ರಸಿದ್ಧ ಲೆಕ್ಕವಿದೆ. ಮುಂದಿನ ಗೋಡೆಯಿಂದ ಕೋಣೆಯ ಉದ್ದದ ಶೇಕಡಾ 38ರಷ್ಟು ದೂರ. ನನ್ನ ಕೋಣೆಗೆ ಅದು 160 ಸೆಂಟಿಮೀಟರ್. ಕಾಲು ಭಾಗದಿಂದಲೂ ದೂರ, ಅರ್ಧದಿಂದಲೂ ದೂರ, ಹಾಗಾಗಿ ಮೊದಲ ಎರಡು ಅಲೆಗಳ ಹಳ್ಳ ತಪ್ಪುತ್ತದೆ. ಇದು ಶುರು ಮಾಡಲು ಒಳ್ಳೆಯ ಜಾಗ. ತುಂಬಾ ಜನ ಅಲ್ಲೇ ನಿಂತುಬಿಡುತ್ತಾರೆ. ನಾನೂ ನಿಲ್ಲುತ್ತಿದ್ದೆನೋ ಏನೋ, ಆದರೆ ‘ಇ’ ನನ್ನನ್ನು ಬಿಡಲಿಲ್ಲ.

160ಕ್ಕೆ ಕುರ್ಚಿ ಹಾಕಿ ಅದೇ ಬೇಸ್ ರೆಕಾರ್ಡಿಂಗ್ ಹಾಕಿದೆ. ಏಳನೇ ಫ್ರೆಟ್ ತುಂಬಿ ಬಂತು. ಸಂತೋಷ ತಡೆಯಲಾಗಲಿಲ್ಲ. ಆಮೇಲೆ ಗಿಟಾರಿನ ಟ್ರ್ಯಾಕ್ ಹಾಕಿದೆ. ಅದರಲ್ಲಿ ನಾಲ್ಕನೇ ತಂತಿಯ ಎರಡನೇ ಫ್ರೆಟ್ಟಿನ ಸ್ವರ, ಅದೂ ‘ಇ’ಯೇ, 164.8 ಹರ್ಟ್ಜ್, ಸಣಕಲಾಗಿ ಕೇಳಿತು. ಕಾಗದ ಪೆನ್ನು ತಗೊಂಡು ಕೂತಾಗ ತಿಳಿಯಿತು. ನಾಲ್ಕನೇ ಅಲೆಗೆ ನಾಲ್ಕು ಹಳ್ಳಗಳಿವೆ. ಅದರಲ್ಲಿ ಒಂದು ಬೀಳುವುದು ಉದ್ದದ ಎಂಟನೇ ಮೂರು ಭಾಗದಲ್ಲಿ, ಅಂದರೆ ಶೇಕಡಾ 37.5ರಲ್ಲಿ. ಶೇಕಡಾ 38 ಅದರ ಪಕ್ಕದಲ್ಲೇ ಇದೆ. ಕೆಳಗಿನ ಎರಡು ಹಳ್ಳ ತಪ್ಪಿಸಲು ಹೋಗಿ ಮೇಲಿನ ಒಂದರ ಅಂಚಿಗೆ ಬಂದಿದ್ದೆ. ಮೂರನೇ ಒಂದು ಭಾಗವನ್ನು ನೋಡಿ, ನನ್ನ ಕೋಣೆಗೆ ಅದು 140. ಅಲ್ಲಿ ಮೊದಲ ನಾಲ್ಕು ಅಲೆಗಳಲ್ಲಿ ಒಂದೂ ಪೂರ್ತಿ ಸಾಯುವುದಿಲ್ಲ. ಮೂರನೆಯದು ಮಾತ್ರ ಜೋರಾಗುತ್ತೆ. ಜೋರಾದದ್ದನ್ನು ತಗ್ಗಿಸಬಹುದಲ್ಲ.

ಕಾಗದದ ಮೇಲೆ ಕೋಣೆ ಖಾಲಿ ಡಬ್ಬಿ. ನಿಜದಲ್ಲಿ ಅಲ್ಲಿ ಕಿಟಕಿ ಇದೆ, ಕಪಾಟು ಇದೆ, ಬಾಗಿಲು ನಡುಗುತ್ತದೆ. ಅದಕ್ಕೇ ಅಳೆಯಲೇಬೇಕು. ರೂಮ್ ಇಕ್ಯೂ ವಿಝರ್ಡ್ ಅನ್ನುವ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ಅಳತೆಗಾಗಿಯೇ ಮಾಡಿದ ಒಂದು ಓಮ್ನಿ ಮೈಕ್ ಬೇಕು, ಅಂದರೆ ಎಲ್ಲ ದಿಕ್ಕಿನಿಂದಲೂ ಒಂದೇ ಥರ ಕೇಳಿಸಿಕೊಳ್ಳುವ ಮೈಕ್. ಹಾಡಲು ಬಳಸುವ ಮೈಕ್ ಇದಕ್ಕೆ ಆಗುವುದಿಲ್ಲ. ಮೈಕಿನ ಜೊತೆ ಬರುವ ಕ್ಯಾಲಿಬ್ರೇಷನ್ ಫೈಲನ್ನು ಸಾಫ್ಟ್‌ವೇರಿಗೆ ಕೊಡಬೇಕು. ಆಮೇಲೆ ಅದು ಕೆಳಗಿನ ಗುಂಯ್‌ನಿಂದ ಶುರು ಮಾಡಿ ಮೇಲಿನ ಸೀಟಿಯವರೆಗೆ ಒಂದು ಉದ್ದ ಸ್ವೀಪ್ ನುಡಿಸಿ, ಮೈಕ್ ಕೇಳಿದ್ದನ್ನು ಗೆರೆಯಾಗಿ ಬರೆದು ತೋರಿಸುತ್ತದೆ.

ಒಂದು ಭಾನುವಾರ ಇದಕ್ಕೇ ಇಟ್ಟೆ. ನಡುಗೆರೆಯ ಮೇಲೆ ನೆಲಕ್ಕೆ ಉದ್ದಕ್ಕೆ ಪೇಪರ್ ಟೇಪು ಅಂಟಿಸಿದೆ. 100ರಿಂದ 190ರವರೆಗೆ 10 ಸೆಂಟಿಮೀಟರಿಗೊಂದು ಗೀಟು ಹಾಕಿದೆ. ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ನಾನು ಕೂತಾಗ ಕಿವಿ ಇರುವ ಎತ್ತರಕ್ಕೆ, 118 ಸೆಂಟಿಮೀಟರಿಗೆ ಇಟ್ಟೆ. ಕುರ್ಚಿಯನ್ನು ಹೊರಗೆ ಹಾಕಿದೆ. ಪ್ರತಿ ಗೀಟಿನಲ್ಲೂ ಎಡಕ್ಕೆ ಒಂದು ಸ್ವೀಪ್, ಬಲಕ್ಕೆ ಒಂದು, ಎರಡಕ್ಕೂ ಸೇರಿ ಒಂದು. ಸ್ವೀಪ್ ಓಡುವಾಗ ನಾನು ಬಾಗಿಲಾಚೆ ನಿಂತಿರುತ್ತಿದ್ದೆ. 30 ಅಳತೆ ಮುಗಿಯುವಷ್ಟರಲ್ಲಿ ಮಧ್ಯಾಹ್ನವಾಗಿತ್ತು.

ಗೆರೆಗಳನ್ನು ಒಂದರ ಮೇಲೊಂದು ಹಾಕಿ ನೋಡಿದಾಗ ಕೋಣೆಯ ಸ್ವಭಾವವೇ ಕಣ್ಣೆದುರು ಬಂತು. 100 ಮತ್ತು 110ರಲ್ಲಿ 82ರ ಹತ್ತಿರ ಆಳದ ಬಾವಿ. 120ಕ್ಕೆ ಬಂದಾಗ ಬಾವಿ ಅರ್ಧ ತುಂಬಿತ್ತು. 150, 160ಕ್ಕೆ ಬಂದಂತೆ 163ರ ಹತ್ತಿರ ಹೊಸ ಹಳ್ಳ ತೋಡಿಕೊಳ್ಳುತ್ತಿತ್ತು. 190ರಲ್ಲಿ ಕೆಳಗಿನ 41ರ ಸುತ್ತ ಏನೂ ಉಳಿದಿರಲಿಲ್ಲ. 140ರ ಗೆರೆ ಎಲ್ಲಕ್ಕಿಂತ ಸಮಾಧಾನವಾಗಿತ್ತು. ಮಾರನೆಯ ದಿನ 134ರಿಂದ 150ರವರೆಗೆ 3–4 ಸೆಂಟಿಮೀಟರಿಗೊಂದು ಅಳತೆ ತಗೊಂಡೆ. ಕೊನೆಗೆ 143ಕ್ಕೆ ನಿಂತೆ. ಗೆರೆ ನೋಡುವಾಗ ಒಂದು ಮಾತು. ಸ್ಮೂದಿಂಗ್, ಅಂದರೆ ಗೆರೆಯ ಏರಿಳಿತ ನುಣುಪು ಮಾಡುವುದು, ಜಾಸ್ತಿ ಹಾಕಿದರೆ ಗೆರೆ ಚೆಂದ ಕಾಣುತ್ತದೆ, ಹಳ್ಳಗಳು ಮುಚ್ಚಿಹೋಗುತ್ತವೆ. ಬೇಸ್ ನೋಡುವಾಗ ಅದನ್ನು ಆದಷ್ಟು ಕಡಿಮೆ ಇಡಿ. ಚೆಂದದ ಗೆರೆಯಿಂದ ಯಾರಿಗೂ ಉಪಯೋಗವಿಲ್ಲ.

ಕುರ್ಚಿ ಸರಿದರೆ ಸ್ಪೀಕರೂ ಸರಿಯಬೇಕು. ಎರಡು ಸ್ಪೀಕರ್ ಮತ್ತು ನಮ್ಮ ತಲೆ, ಮೂರೂ ಸೇರಿ ಸಮಬಾಹು ತ್ರಿಕೋನ ಆಗಬೇಕು ಅನ್ನುವುದು ಎಲ್ಲರಿಗೂ ಗೊತ್ತು. ನಾನು ತ್ರಿಕೋನದ ತುದಿಯನ್ನು ತಲೆಯ ನಡುವೆ ಇಡದೆ 15 ಸೆಂಟಿಮೀಟರ್ ಹಿಂದೆ ಇಡುತ್ತೇನೆ. ಆಗ ಸ್ಪೀಕರುಗಳು ಕಣ್ಣನ್ನು ನೋಡದೆ ಕಿವಿಯ ಹೊರಅಂಚನ್ನು ನೋಡುತ್ತವೆ. ಎಡಬಲದ ಹರವು ಚೆನ್ನಾಗಿ ಬಿಚ್ಚಿಕೊಳ್ಳುತ್ತೆ. ನನ್ನ ಸ್ಪೀಕರುಗಳ ನಡುವೆ ಈಗ 142 ಸೆಂಟಿಮೀಟರ್ ಇದೆ, ಪಕ್ಕದ ಗೋಡೆಗೆ ತಲಾ 79.

ಸ್ಪೀಕರನ್ನು ಮುಂದಿನ ಗೋಡೆಯಿಂದ ಎಷ್ಟು ದೂರ ಇಡಬೇಕು ಅನ್ನುವುದರಲ್ಲಿ ನಾನು ತುಂಬಾ ಎಡವಿದೆ. ಗೋಡೆಯಿಂದ ದೂರ ಇಟ್ಟರೆ ಒಳ್ಳೆಯದು ಅಂತ ಕೇಳಿದ್ದೆ. ಹಾಗೇ ಮುಂದಕ್ಕೆ ಎಳೆದು, ಸ್ಪೀಕರಿನ ಮುಖ ಗೋಡೆಯಿಂದ 65 ಸೆಂಟಿಮೀಟರಿಗೆ ಬರುವಂತೆ ಇಟ್ಟೆ. 132 ಹರ್ಟ್ಜಿನಲ್ಲಿ ಹೊಸದೊಂದು ಹಳ್ಳ ಹುಟ್ಟಿತು. ಬೇಸ್ ಸದ್ದು ಸ್ಪೀಕರಿನಿಂದ ಮುಂದಕ್ಕೆ ಮಾತ್ರ ಹೋಗುವುದಿಲ್ಲ, ಸುತ್ತಲೂ ಹರಡುತ್ತದೆ. ಹಿಂದಿರುವ ಗೋಡೆಗೆ ಬಡಿದು ತಿರುಗಿ ಬಂದದ್ದು, ನೇರ ಹೊರಟಿದ್ದಕ್ಕೆ ಅರ್ಧ ಅಲೆಯಷ್ಟು ಹಿಂದೆ ಬಿದ್ದಿದ್ದರೆ ಎರಡೂ ಒಂದನ್ನೊಂದು ಅಳಿಸುತ್ತವೆ. ಲೆಕ್ಕ ಹೀಗೆ: 343ನ್ನು ಆ ದೂರದ ನಾಲ್ಕರಷ್ಟರಿಂದ ಭಾಗಿಸಿ. 0.65 ಮೀಟರಿಗೆ 132. ದೂರ ಜಾಸ್ತಿ ಮಾಡಿದಷ್ಟೂ ಹಳ್ಳ ಕೆಳಗಿಳಿದು ಬೇಸಿನ ನಡುಮನೆಗೇ ಬರುತ್ತದೆ. ಒಂದು ಮೀಟರ್ ಇಟ್ಟರೆ 86. ಚಿಕ್ಕ ಕೋಣೆಯಲ್ಲಿ ಇದರಿಂದ ತಪ್ಪಿಸಿಕೊಳ್ಳುವಷ್ಟು ದೂರ ಹೋಗಲು ಜಾಗವೇ ಇರುವುದಿಲ್ಲ. ಹಾಗಾಗಿ ಉಲ್ಟಾ ಮಾಡಬೇಕು. ಗೋಡೆಗೆ ಹತ್ತಿರ ತಳ್ಳಬೇಕು. ಈಗ ಸ್ಪೀಕರಿನ ಮುಖ ಗೋಡೆಯಿಂದ 35 ಸೆಂಟಿಮೀಟರ್. ಹಳ್ಳ 245ಕ್ಕೆ ಹೋಯಿತು. ಅಲ್ಲಿ ಅದನ್ನು ಸದ್ದು ಹೀರುವ ಗ್ಲಾಸ್ ವೂಲ್ (ಗಾಜಿನ ನಾರು) ಹಲಗೆ ಚೆನ್ನಾಗಿ ಹಿಡಿಯುತ್ತದೆ. ಸ್ಪೀಕರಿನ ಹಿಂದೆ ಗೋಡೆಗೆ 10 ಸೆಂಟಿಮೀಟರ್ ದಪ್ಪದ ಒಂದು ಹಲಗೆ ಇಟ್ಟೆ. ನನ್ನ ಸ್ಪೀಕರಿನ ಗಾಳಿಯ ತೂತು ಮುಂದಿದೆ, ಅದಕ್ಕೇ ಇಷ್ಟು ಹತ್ತಿರ ಇಡಬಹುದು. ಹಿಂದೆ ತೂತು ಇರುವವರು ಸ್ವಲ್ಪ ಉಸಿರಾಡುವ ಜಾಗ ಬಿಡಿ. ಗೋಡೆಯ ಹತ್ತಿರ ಬಂದಾಗ ಒಟ್ಟು ಬೇಸ್ ಏರುತ್ತದೆ. ತುಂಬಾ ಸ್ಪೀಕರುಗಳ ಹಿಂದೆ ಅದನ್ನು ಇಳಿಸಲು ಒಂದು ಸಣ್ಣ ಸ್ವಿಚ್ ಇರುತ್ತದೆ. ನಾನು 2 ಡೆಸಿಬೆಲ್ ಇಳಿಸಿದೆ.

ಇನ್ನು ಪಕ್ಕದ ಗೋಡೆಗಳು. ಇಲ್ಲಿ ಕನ್ನಡಿಯೇ ಒಳ್ಳೆಯ ಉಪಕರಣ. ನಾನು ಕುರ್ಚಿಯಲ್ಲಿ ಕೂತೆ. ಅಕ್ಕನ ಮಗಳು ಎಡಗೋಡೆಗೆ ಒತ್ತಿ ಕನ್ನಡಿ ಹಿಡಿದು ನಿಧಾನಕ್ಕೆ ಜರುಗಿಸುತ್ತಾ ಬಂದಳು. ಮುಂದಿನ ಗೋಡೆಯಿಂದ 72 ಸೆಂಟಿಮೀಟರಿಗೆ ಬಂದಾಗ ಕನ್ನಡಿಯಲ್ಲಿ ಎಡ ಸ್ಪೀಕರಿನ ಮುಖ ಕಾಣಿಸಿತು. 99ಕ್ಕೆ ಬಂದಾಗ ಬಲದ್ದು. ಎರಡಕ್ಕೂ ಪೆನ್ಸಿಲಿನಲ್ಲಿ ಗುರುತು ಹಾಕಿದಳು. ಕಣ್ಣಿಗೆ ಸ್ಪೀಕರ್ ಕಂಡ ಜಾಗದಿಂದಲೇ ಸದ್ದೂ ಬಡಿದು ಕಿವಿಗೆ ಬರುತ್ತದೆ. ಎಡ ಸ್ಪೀಕರಿನ ಸದ್ದು ಎಡಗೋಡೆಗೆ ಬಡಿದು ನನ್ನ ಹತ್ತಿರ ಬರುವ ದಾರಿ ನೇರ ದಾರಿಗಿಂತ 124 ಸೆಂಟಿಮೀಟರ್ ಉದ್ದ, ಅಂದರೆ 3.6 ಮಿಲಿಸೆಕೆಂಡ್ ತಡ. ಇಷ್ಟು ಬೇಗ ಬರುವುದನ್ನು ಕಿವಿ ಪ್ರತಿಧ್ವನಿ ಅಂತ ಬೇರೆಯಾಗಿ ಕೇಳುವುದಿಲ್ಲ. ಮೊದಲು ಬಂದ ಸದ್ದಿನೊಳಗೇ ಸೇರಿಸಿಕೊಂಡುಬಿಡುತ್ತದೆ. ಜರ್ಮನಿಯ ವಿಜ್ಞಾನಿ ಹೆಲ್ಮಟ್ ಹಾಸ್ 1949ರಲ್ಲಿ ತಮ್ಮ ಪ್ರಬಂಧದಲ್ಲಿ ಪರೀಕ್ಷಿಸಿ ತೋರಿಸಿದ್ದು ಇದನ್ನೇ. ಬೇರೆಯಾಗಿ ಕೇಳದಿದ್ದರೂ ಅದು ಸದ್ದಿನ ಬಣ್ಣ ಕೆಡಿಸುತ್ತದೆ, ದನಿಯ ಜಾಗ ಮಸುಕು ಮಾಡುತ್ತದೆ. 60 ಸೆಂಟಿಮೀಟರ್ ಅಗಲದ ಹಲಗೆಯನ್ನು 60ರಿಂದ 120ರವರೆಗೆ ತೂಗುಹಾಕಿದರೆ ಎರಡು ಗುರುತೂ ಮುಚ್ಚುತ್ತವೆ. ಎರಡೂ ಗೋಡೆಗೆ ಒಂದೊಂದು. ಹಲಗೆಗೂ ಗೋಡೆಗೂ ನಡುವೆ 5 ಸೆಂಟಿಮೀಟರ್ ಗಾಳಿ ಬಿಟ್ಟೆ. ಸುಮ್ನೆ ಬಿಟ್ಟ ಆ ಜಾಗದಿಂದಲೂ ಅದು ಇನ್ನಷ್ಟು ಕೆಳಗಿನ ಸದ್ದನ್ನು ಹಿಡಿಯುತ್ತದೆ.

ಮೇಜೂ ಒಂದು ಗೋಡೆಯೇ, ಮಲಗಿದ ಗೋಡೆ. ಕನ್ನಡಿಯನ್ನು ಮೇಜಿನ ಮೇಲೆ ಮಲಗಿಸಿ ನೋಡಿ, ಸ್ಪೀಕರ್ ಕಂಡೇ ಕಾಣುತ್ತದೆ. ನಾನು ಸ್ಪೀಕರುಗಳನ್ನು ಮೇಜಿನಿಂದ ಇಳಿಸಿ ಹಿಂದೆ ಸ್ಟ್ಯಾಂಡಿನ ಮೇಲಿಟ್ಟೆ. ಮೇಜು ಚಿಕ್ಕದು ಮಾಡಿದೆ. ದನಿಯಲ್ಲಿದ್ದ ಡಬ್ಬಿಯೊಳಗಿಂದ ಮಾತಾಡಿದಂಥ ಗುಣ ಅರ್ಧಕ್ಕರ್ಧ ಹೋಯಿತು.

ಎತ್ತರದ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ನೆಲ ಮತ್ತು ಮಾಡು ಕೂಡ ಎದುರುಬದುರು ಗೋಡೆಗಳೇ ಅಲ್ವಾ? 2.8 ಮೀಟರಿಗೆ ಮೊದಲ ಅಲೆ 61 ಹರ್ಟ್ಜ್. ಅದು ಸಾಯುವುದು ನಡುಎತ್ತರದಲ್ಲಿ, 140 ಸೆಂಟಿಮೀಟರಿನಲ್ಲಿ. ನನ್ನ ಕಿವಿ 118ರಲ್ಲಿದೆ. ಕುರ್ಚಿ ಎತ್ತರಿಸಿದಷ್ಟೂ ಹಳ್ಳಕ್ಕೆ ಹತ್ತಿರ. ಹಾಗಾಗಿ ಕುರ್ಚಿಯನ್ನು ಒಂದಷ್ಟು ಇಳಿಸಿ, ಕಿವಿ 110ಕ್ಕೆ ಬರುವ ಹಾಗೆ ಮಾಡಿಕೊಂಡೆ. ಸ್ಪೀಕರಿನ ಟ್ವೀಟರನ್ನೂ (ತಾರ ಸದ್ದು ಹೊರಡಿಸುವ ಚಿಕ್ಕ ಭಾಗ) ಅದೇ ಎತ್ತರಕ್ಕೆ ತಂದೆ. ಲಾಭ ಸಣ್ಣದೇ. ಆದರೂ 61ರ ಸುತ್ತ ಸ್ವಲ್ಪ ಮೈ ಬಂತು.

ಎಲ್ಲ ಆದ ಮೇಲೆ ನಾನು ನಂಬುವ ಪರೀಕ್ಷೆ ಒಂದಿದೆ. ಒಬ್ಬರು ಮಾತಾಡಿದ ಮೋನೋ (ಎಡಕ್ಕೂ ಬಲಕ್ಕೂ ಒಂದೇ ಸದ್ದಿರುವ) ರೆಕಾರ್ಡಿಂಗ್, ಹಿಂದೆ ಸಂಗೀತ ಇಲ್ಲದ್ದು. ಅದನ್ನು ಎರಡೂ ಸ್ಪೀಕರಿನಲ್ಲಿ ಒಂದೇ ಮಟ್ಟದಲ್ಲಿ ಹಾಕಿ ಕಣ್ಣು ಮುಚ್ಚಿ ಕೂರುತ್ತೇನೆ. ಮೊದಲು ಆ ದನಿ ಒಂದು ಪಕ್ಕಕ್ಕೆ ವಾಲುತ್ತಿತ್ತು, ಒಂದು ಕಿಟಕಿಯಷ್ಟು ಅಗಲವಾಗಿ ಹರಡಿಕೊಂಡಿತ್ತು. ಈಗ ಎದುರಿಗೆ ಗಾಳಿಯಲ್ಲಿ ಒಂದು ಮುಷ್ಟಿಯಷ್ಟು ಜಾಗದಿಂದ ಬರುತ್ತದೆ. ಕೈ ಚಾಚಿ ಮುಟ್ಟಬಹುದು ಅನ್ನಿಸುತ್ತೆ. ಎರಡು ಸೆಂಟಿಮೀಟರ್ ಎಡಕ್ಕೆ ತಲೆ ಸರಿಸಿದರೆ ಅದೂ ಸರಿಯುತ್ತದೆ. ದನಿಗೆ ಜಾಗವೇ ಇಲ್ಲದೆ ತಲೆಯ ಸುತ್ತ ತೇಲಾಡಿದರೆ, ಒಂದು ಸ್ಪೀಕರಿನ ತಂತಿ ಉಲ್ಟಾ ಆಗಿರಬಹುದು. ಮೊದಲು ಅದನ್ನು ನೋಡಿ.

ಒಂದು ಜಾಗಕ್ಕೂ ಇನ್ನೊಂದಕ್ಕೂ ಹೋಲಿಸುವಾಗ ವಾಲ್ಯೂಮ್ ಮುಟ್ಟಬೇಡಿ. 1933ರಲ್ಲೇ ವಿಜ್ಞಾನಿಗಳಾದ ಫ್ಲೆಚರ್ ಮತ್ತು ಮನ್ಸನ್ ತೋರಿಸಿದ ಹಾಗೆ, ಸಣ್ಣ ಸದ್ದಿನಲ್ಲಿ ನಮ್ಮ ಕಿವಿಗೆ ಬೇಸ್ ಕಡಿಮೆ ಕೇಳುತ್ತದೆ, ಜೋರು ಮಾಡಿದಾಗ ಹೆಚ್ಚು ಕೇಳುತ್ತದೆ. ಗುಂಡಿ ತಿರುಗಿಸಿದರೆ ಬೇಸ್ ಬಂದದ್ದು ಜಾಗದಿಂದಲೋ ಗುಂಡಿಯಿಂದಲೋ ಹೇಳಲು ಆಗುವುದಿಲ್ಲ. ನಾನು ಗುಂಡಿಯ ಮೇಲೆ ಒಂದು ಚುಕ್ಕೆ ಇಟ್ಟಿದ್ದೇನೆ. ಯಾವಾಗಲೂ ಅಲ್ಲೇ.

ಎಲ್ಲ ಹಳ್ಳವೂ ಹೋಗಿಲ್ಲ. 61ರ ಹತ್ತಿರ ಇನ್ನೂ ಒಂದು ಇದೆ. ಅದು ‘ಬಿ’ ಸ್ವರಕ್ಕೆ ಬೀಳುತ್ತದೆ ಅಂತ ಗೊತ್ತಿರುವುದರಿಂದ, ‘ಬಿ’ ಬಂದಾಗ ಹೆಡ್‌ಫೋನ್ ಹಾಕಿಕೊಂಡು ಒಮ್ಮೆ ನೋಡಿಕೊಳ್ಳುತ್ತೇನೆ. 122ರಲ್ಲಿ ಉಬ್ಬಿದ್ದನ್ನು ಈಕ್ವಲೈಜರಿನಲ್ಲಿ 3 ಡೆಸಿಬೆಲ್ ತಗ್ಗಿಸಿದ್ದೇನೆ. ಹಿಂದಿನ ಗೋಡೆಗೆ 20 ಸೆಂಟಿಮೀಟರ್ ದಪ್ಪದ ಹಲಗೆ ಹಾಕುವುದು ಬಾಕಿ ಇದೆ. ಅಲ್ಲಿಂದ ತಿರುಗಿ ಬರುವ ಸದ್ದು 16 ಮಿಲಿಸೆಕೆಂಡ್ ತಡವಾಗಿ ನನ್ನನ್ನು ಮುಟ್ಟುತ್ತಿದೆ.

ಗೆಳೆಯನ ಹಾಡನ್ನು ಮತ್ತೆ ತೆರೆದೆ. ಹೊಸ ಜಾಗದಲ್ಲಿ ಕೂತು ಕೇಳಿದಾಗ ಮೊದಲ ಸಾಲಿಗೇ ಕೈ ಫೇಡರಿಗೆ ಹೋಯಿತು. ಬೇಸನ್ನು 4 ಡೆಸಿಬೆಲ್ ಇಳಿಸಿದೆ. ಆಮೇಲೆ ಇನ್ನೂ ಅರ್ಧ. ಹಾಡುವವಳ ದನಿಯನ್ನು ಮುಟ್ಟಲೇ ಇಲ್ಲ. ಅದು ತಾನಾಗೇ ಮುಂದೆ ಬಂತು. ಇಡೀ ಕೆಲಸ ಒಂದು ಸಂಜೆಯಲ್ಲಿ ಮುಗಿಯಿತು. ರಾತ್ರಿ ಕಳಿಸಿದೆ. ಬೆಳಿಗ್ಗೆ ಅವನು ಕಾರಿನಿಂದಲೇ ಫೋನ್ ಮಾಡಿದ. ಮಾತಾಡಲಿಲ್ಲ, ಫೋನನ್ನು ಹಾಗೇ ಹಿಡಿದು ಹಾಡು ಕೇಳಿಸಿದ. ಬಾಗಿಲು ಗಡಗಡ ಅನ್ನುತ್ತಿರಲಿಲ್ಲ.